ಷರಾ ಹಾಕಿದ ಕೈಗಳು

ಯಾದಗಿರಿ, ಶಹಾಪುರ, ಸುರಪುರದ ಕಡೆ ಹೊಲದ ತಕರಾರು ಕೋರ್ಟಿನ ಮೆಟ್ಟಿಲು ಹತ್ತಿತೆಂದರೆ ವಕೀಲರು ಮೊದಲು ಕೇಳುವ ಕಾಗದಗಳಲ್ಲಿ 1954–55ರ ಖಾಸ್ರಾ ಪಹಣಿಯೂ ಒಂದು. ಹೈದರಾಬಾದ್ ರಾಜ್ಯ ಭಾರತಕ್ಕೆ ಸೇರಿಯಾಗಿತ್ತು, ನಮ್ಮ ತಾಲೂಕುಗಳು ಕನ್ನಡನಾಡಿಗೆ ಇನ್ನೂ ಸೇರಿರಲಿಲ್ಲ. ಆ ನಡುವಿನ ವರ್ಷಗಳಲ್ಲಿ ಹಳ್ಳಿವಾರು ಬರೆದಿಟ್ಟ ದಾಖಲೆ ಅದು. ಸರ್ವೆ ನಂಬರು, ಎಕರೆ–ಗುಂಟೆ, ಪಟ್ಟೇದಾರನ ಹೆಸರು, ಸಾಗು ಮಾಡುವವನ ಹೆಸರು ಎಲ್ಲವೂ ಅದರಲ್ಲಿರುತ್ತವೆ. ಕಡೆಗೊಂದು ಇಕ್ಕಟ್ಟಾದ ಕಲಮು. ಉರ್ದು ನಮೂನೆಯಲ್ಲಿ ಅದರ ತಲೆಬರಹ ‘ಕೈಫಿಯತ್’. ಅಲ್ಲಿ ಬರೆದದ್ದನ್ನು ನಮ್ಮಲ್ಲಿ ಷರಾ ಅನ್ನುತ್ತಾರೆ. ಇಂಥವನ ಪಾಲು ಬಾಕಿ ಇದೆ, ಇದು ಇನಾಮಿನ ಜಮೀನು, ಇವನು ಶಿಕ್ಮಿದಾರ (ಒಳಗೇಣಿದಾರ), ಈ ಬಾವಿಯ ನೀರಿನಲ್ಲಿ ಆಚೆಯ ಹೊಲದವನಿಗೂ ಪಾಳಿ ಉಂಟು ಎಂಬಂಥ ಒಂದು ಸಾಲು, ಅರ್ಧ ಸಾಲು. ನಾನು ಕಂಡಂತೆ ಹೆಚ್ಚಿನ ಜಗಳಗಳ ಬೇರು ಈ ಅರ್ಧ ಸಾಲಿನಲ್ಲಿದೆ. ಒಂದೋ ಅದು ಅಲ್ಲಿರುತ್ತದೆ, ಇಲ್ಲವೇ ನಕಲು ಮಾಡುವಾಗ ಬಿಟ್ಟುಹೋಗಿರುತ್ತದೆ.

ನಾನು ಸುರಪುರ ತಾಲೂಕಿನವಳು. ಹೊಟ್ಟೆಪಾಡಿಗೆ ಬೆಂಗಳೂರಿನಲ್ಲಿ ಲಿನಕ್ಸ್ ಸರ್ವರುಗಳನ್ನು ನೋಡಿಕೊಳ್ಳುತ್ತೇನೆ. ನಮ್ಮ ಮುತ್ಯಾ (ಅಜ್ಜ) ಊರಿನ ಕುಲಕರ್ಣಿಕೆ, ಅಂದರೆ ಹಳ್ಳಿಯ ಲೆಕ್ಕ ಬರೆಯುವ ಕೆಲಸ, ಮಾಡಿದವರಲ್ಲಿ ಕೊನೆಯವರು. ಕೆಲಸ ಹೋದ ಮೇಲೂ ದಫ್ತರದ ಮಾತು ಅವರ ಬಾಯಿಂದ ಹೋಗಲಿಲ್ಲ. ಶಾಲೆ ರಜೆಯಲ್ಲಿ ಹಳೆ ಕಾಗದ ಬಿಚ್ಚಿ ನನ್ನ ಮುಂದೆ ಹರವುತ್ತಿದ್ದರು. ನಾನು ದೊಡ್ಡ ಅಕ್ಷರದ ಮೇಲೆ ಬೆರಳಿಟ್ಟರೆ, “ಅದನ್ನ ಯಾರ್ ಬೇಕಾದ್ರೂ ಓದ್ತಾರ ತಂಗಿ. ಮೊದಲ ಷರಾ ನೋಡು, ಆಮ್ಯಾಲ ಕಾಗದ ನೋಡು” ಅನ್ನುತ್ತಿದ್ದರು. ಈಗ ಕೆಲವು ಗೆಳೆಯರೊಂದಿಗೆ ಕೂಡಿ ಈ ಮೂರು ತಾಲೂಕಿನ ಮನೆಗಳಲ್ಲಿ ಉಳಿದ ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡಿಡುತ್ತಿದ್ದೇನೆ. ಸ್ಕ್ಯಾನ್ ಆದ ಚಿತ್ರಕ್ಕೆ ಷರಾ ಎಲ್ಲಿ ಹಾಕಬೇಕು ಎಂಬ ಪ್ರಶ್ನೆ ಎದುರಾದಾಗ, ಇದು ನಮ್ಮ ನೆಲದಲ್ಲಿ ಹಿಂದಿನಿಂದ ಬಂದ ಪ್ರಶ್ನೆಯೇ ಎಂದು ನನಗೆ ಅನ್ನಿಸಿತು. ಆ ಹಿಂದಿನದನ್ನೇ ಇಲ್ಲಿ ಬರೆಯಹೊರಟಿದ್ದೇನೆ.

ಸುರಪುರ ತಾಲೂಕಿನ ಏವೂರಿನಲ್ಲಿ 1077ರ ಶಾಸನವಿದೆ. ಕಲ್ಯಾಣದ ಚಾಲುಕ್ಯರ ವಂಶಾವಳಿಗಾಗಿ ಇತಿಹಾಸಕಾರರು ಮತ್ತೆ ಮತ್ತೆ ಅದರ ಬಳಿ ಹೋಗುತ್ತಾರೆ. ನನ್ನಂಥವರಿಗೆ ದಾನಶಾಸನಗಳಲ್ಲಿ ಹಿಡಿಸುವುದು ರಾಜರ ಹೊಗಳಿಕೆ ಮುಗಿದ ನಂತರದ ಭಾಗ: ಇಷ್ಟು ಮತ್ತರು ಭೂಮಿ, ಮೂಡಲಿಗೆ ಇದು ಎಲ್ಲೆ, ತೆಂಕಲಿಗೆ ಇದು ಎಲ್ಲೆ. ಕನ್ನಡನಾಡಿನ ಎಷ್ಟೋ ಕಲ್ಲುಗಳಲ್ಲಿ ಮೊದಲ ದಾನದ ಕೆಳಗೆ ಬೇರೆ ಕೈಯ ಅಕ್ಷರದಲ್ಲಿ ನಂತರದ ದಾನವೊಂದು ಸೇರಿರುತ್ತದೆ. ಕಲ್ಲಿನಲ್ಲಿ ಒಂದು ಅನುಕೂಲವಿತ್ತು. ಸೇರಿಸಿದ್ದು ಮೂಲವನ್ನು ಬಿಟ್ಟು ಬೇರೆಲ್ಲೂ ಹೋಗುವಂತಿರಲಿಲ್ಲ.

ಕಾಗದ ಬಂದ ಮೇಲೆ ಆ ಭದ್ರತೆ ಹೋಯಿತು. ಔರಂಗಜೇಬ ತಾನೇ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ನಮ್ಮ ಸುರಪುರದ ಹತ್ತಿರದ ವಾಗಿನಗೇರಾ ಕೋಟೆಯದು, 1705ರಲ್ಲಿ. ಬೇಡರ ಪಿಡ್ಡ ನಾಯಕ ಆ ಮುದಿ ಬಾದಶಹನನ್ನು ತಿಂಗಳುಗಟ್ಟಲೆ ಕೋಟೆಯ ಕೆಳಗೆ ನಿಲ್ಲಿಸಿದ. ಆ ಸೈನ್ಯದ ಜೊತೆಗೆ ದೊಡ್ಡದೊಂದು ಕಾಗದದ ಲೋಕವೂ ದಖನ್ನಿಗೆ ಬಂದಿತ್ತು. ದಖನ್ನಿನ ಮೊಗಲ್ ಕಾಗದಗಳ ದೊಡ್ಡ ರಾಶಿ ಇಂದಿಗೂ ಹೈದರಾಬಾದಿನ ಸರ್ಕಾರಿ ದಾಖಲೆ ಭಂಡಾರದಲ್ಲಿದೆ. ಅದರಲ್ಲಿ ‘ಅರ್ಜ್–ಓ–ಚೆಹರಾ’ ಎಂಬ ಬಗೆಯದೊಂದು: ಸಿಪಾಯಿಯ ಹೆಸರು, ತಂದೆಯ ಹೆಸರು, ಮೈಬಣ್ಣ, ಹುಬ್ಬು, ಮುಖದ ಮೇಲಿನ ಗಾಯದ ಗುರುತು, ಅವನ ಕುದುರೆಯ ಬಣ್ಣ ಮತ್ತು ಬರೆ. ಒಬ್ಬನ ಬದಲಿಗೆ ಇನ್ನೊಬ್ಬ ಬಂದು ಸಂಬಳ ಎತ್ತಬಾರದೆಂದು ಮಾಡಿದ ವ್ಯವಸ್ಥೆ. ಇನ್ನು ಫರ್ಮಾನುಗಳನ್ನು ತಿರುಗಿಸಿ ನೋಡಬೇಕು. ಮುಂಭಾಗದಲ್ಲಿ ಬಾದಶಹನ ಆಜ್ಞೆ. ಹಿಂಭಾಗದಲ್ಲಿ ‘ಜಿಮ್ನ್’, ಅಂದರೆ ಭೂಮಿಯ ವಿವರ, ಯಾವ ಯಾವ ಕಚೇರಿಯಲ್ಲಿ ದಾಖಲಾಯಿತು, ಯಾರ ಮೊಹರು ಬಿತ್ತು ಎಂಬ ಬರಹ. ಆಜ್ಞೆ ನಿಜವೇ ಎಂದು ತಿಳಿಯಬೇಕಾದವನು ಓದುತ್ತಿದ್ದದ್ದು ಈ ಹಿಂಭಾಗವನ್ನು. ಇಂದು ಪುಸ್ತಕಗಳಲ್ಲಿ ಅಚ್ಚಾಗುವುದು ಬಹುಪಾಲು ಮುಂಭಾಗದ ಚಿತ್ರ ಮಾತ್ರ. ನನಗೆ ಇದು ಸರಿ ಕಾಣುವುದಿಲ್ಲ.

ವಾಗಿನಗೇರಾ ಬಿದ್ದ ಮೇಲೂ ನಾಯಕರ ಮನೆತನ ಸುರಪುರದಲ್ಲಿ ಬೇರೂರಿತು. 1840ರ ದಶಕದ ಮೊದಲಿಗೆ ಬಾಲಕ ರಾಜಾ ವೆಂಕಟಪ್ಪ ನಾಯಕನ ಪರವಾಗಿ ಸಂಸ್ಥಾನ ನೋಡಿಕೊಳ್ಳಲು ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ ಬಂದ. ಗುಡ್ಡದ ಮೇಲೆ ಅವನು ಕಟ್ಟಿಸಿದ ಮನೆ ಟೇಲರ್ ಮಂಜಿಲ್ ಎಂದು ಈಗಲೂ ನಿಂತಿದೆ. ರಾಜನ ತಾಯಿ ರಾಣಿ ಈಶ್ವರಮ್ಮನೊಂದಿಗಿನ ಅವನ ತಿಕ್ಕಾಟ, ಸಂಸ್ಥಾನದ ಸಾಲ, ರಾಜನ ಓದು ಎಲ್ಲವನ್ನೂ ಅವನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಪುಸ್ತಕ ಹೊರಬಂದದ್ದು ಅವನು ಸತ್ತ ಮರುವರ್ಷ, 1877ರಲ್ಲಿ. ಟೇಲರ್ ಗುರುತು ಮಾಡಿಡುವ ಮನುಷ್ಯ. ಶಹಾಪುರದ ಹತ್ತಿರದ ವಿಭೂತಿಹಳ್ಳಿಯಲ್ಲಿ ಸಾಲು ಸಾಲಾಗಿ ಇಟ್ಟ ಬಂಡೆಗಳನ್ನೂ ರಾಜನಕೋಳೂರಿನ ಕಲ್ಮನೆಗಳನ್ನೂ ಕಂಡು, ಇವು ಬಹಳ ಹಳೆಯ ಕಾಲದ ಜನ ನೆಟ್ಟವು ಎಂದು ಹೊರಗಿನ ವಿದ್ವಾಂಸರಿಗೆ ತಿಳಿಯುವಂತೆ ಬರೆದವನು ಅವನು. ಆ ಬರಹ ಇಲ್ಲದಿದ್ದರೆ ಎಷ್ಟೋ ಬಂಡೆಗಳು ಎಂದೋ ಹಾಸುಗಲ್ಲಾಗಿ ಹೋಗುತ್ತಿದ್ದವು.

1853ರಲ್ಲಿ ಟೇಲರ್ ಹೋದ, ರಾಜ ಅಧಿಕಾರ ವಹಿಸಿಕೊಂಡ. 1858ರ ಫೆಬ್ರುವರಿಯಲ್ಲಿ ಸುರಪುರ ಬ್ರಿಟಿಷರ ವಿರುದ್ಧ ಎದ್ದು ನಿಂತಿತು, ಅವರ ಕ್ಯಾಪ್ಟನ್ ನ್ಯೂಬೆರಿ ಸತ್ತ, ರಾಜ ಹೈದರಾಬಾದಿನಲ್ಲಿ ಸಿಕ್ಕಿಬಿದ್ದ, ಅದೇ ವರ್ಷ ಗುಂಡು ತಗುಲಿ ತೀರಿಕೊಂಡ. 1860ರ ಒಪ್ಪಂದದಲ್ಲಿ ಸಂಸ್ಥಾನವೇ ನಿಜಾಮನ ಕೈಗೆ ಹೋಯಿತು. ಈ ಕಥೆಯನ್ನು ನಮ್ಮೂರ ಮಕ್ಕಳೆಲ್ಲ ಬಲ್ಲರು. ಅದರ ಜೊತೆಗೇ ನಡೆದು ಯಾರ ಬಾಯಿಗೂ ಬೀಳದ ಇನ್ನೊಂದು ಸಂಗತಿ ಎಂದರೆ ದಫ್ತರದ ಒಡೆತನ ಬದಲಾದದ್ದು. ನಾಯಕರ ಕಾಲದಲ್ಲಿ ಬೇಡರ ಮನೆಗಳಿಗೆ ಚಾಕರಿಗಾಗಿ ಬಿಟ್ಟ ಹೊಲಗಳಿದ್ದವು. ಗುಡಿಗೆ, ದರ್ಗಾಕ್ಕೆ, ಮಠಕ್ಕೆ, ಓಲೆಕಾರನಿಗೆ ಬಿಟ್ಟ ಹೊಲಗಳಿದ್ದವು. ಇವು ಯಾವ ಕರಾರಿನ ಮೇಲೆ ಬಿಟ್ಟವು ಎಂಬುದನ್ನು ಹೊಸ ದೊರೆಯ ಅಧಿಕಾರಿಗಳಿಗೆ ಹೊಸದಾಗಿ ತೋರಿಸಬೇಕಾಯಿತು. ಕಾಗದ ಇದ್ದವನು ತೋರಿಸಿದ. ಬಾಯಿಮಾತಿನ ಮೇಲೆ ಉಂಡವನು ಕೈಕಟ್ಟಿ ನಿಂತ.

ನಿಜಾಮನ ಕಾಲದ ದಫ್ತರ ಸಣ್ಣದಲ್ಲ. ದಿವಾನನಾಗಿದ್ದ ಮೊದಲ ಸಾಲಾರ್ ಜಂಗ್ 1865ರಲ್ಲಿ ಜಿಲ್ಲಾಬಂದಿ (ಜಿಲ್ಲೆಗಳ ವಿಂಗಡಣೆ) ಮಾಡಿ ಕಂದಾಯದ ಆಡಳಿತವನ್ನು ಒಂದು ಅಚ್ಚಿಗೆ ತಂದ. ಆಮೇಲೆ ಸರ್ವೆ ನಡೆದು ಹಳ್ಳಿಗೊಂದು ಸೇತ್ವಾರ್, ಅಂದರೆ ಸರ್ವೆ ನಂಬರುವಾರು ಜಮೀನಿನ ಪಟ್ಟಿ, ಸಿದ್ಧವಾಯಿತು. ಇನಾಮುಗಳ ವಿಚಾರಣೆಗೆ ಅತಿಯಾತ್ ಎಂಬ ಇಲಾಖೆಯೇ ಇತ್ತು. ಅದು ಕೊಡುತ್ತಿದ್ದ ಮುಂತಖಬ್ ಎಂಬ ತೀರ್ಪಿನ ಪತ್ರ ಕೈಯಲ್ಲಿದ್ದರೆ ಇನಾಮು ಗಟ್ಟಿ. ವಸೂಲ್ ಬಾಕಿ, ಪಾವತಿ, ಪಹಣಿ ಎಂದು ಒಂದೊಂದಕ್ಕೆ ಒಂದೊಂದು ಪುಸ್ತಕ. ಆಡಳಿತದ ಭಾಷೆ ಮೊದಲು ಫಾರಸಿ, 1880ರ ದಶಕದಿಂದ ಉರ್ದು. ನಮ್ಮ ಮನೆಯ ಗಂಟಿನಲ್ಲಿರುವ ಕಾಗದಗಳನ್ನೇ ನೋಡಿದರೆ ತಹಶೀಲಿನಿಂದ ಬಂದದ್ದು ಉರ್ದು, ಹಳ್ಳಿಯ ಲೆಕ್ಕ ಕನ್ನಡ, ನಡುನಡುವೆ ಮೋಡಿ ಲಿಪಿ. ಇದಕ್ಕೂ ಹಿಂದೆ, ಕನ್ನಡನಾಡಿನ ಬೇರೆ ಕಡೆಗಳಲ್ಲಿ, ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದ ಕರಿ ಬಟ್ಟೆಯ ಕಡತಗಳ ಮೇಲೆ ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಆ ಬರಹವನ್ನು ಒರೆಸಿ ಮತ್ತೆ ಬರೆಯಲು ಬರುತ್ತಿತ್ತು.

ನಿಜಾಮನ ಕಾಲದ ಒಂದು ಷರಾ ಓದುವುದೆಂದರೆ ಮೂರು ಬೀಗ ತೆಗೆದಂತೆ. ಮೊದಲನೆಯದು ಅಕ್ಷರ: ಗುಮಾಸ್ತರು ಬರೆಯುತ್ತಿದ್ದದ್ದು ಶಿಕಸ್ತಾ, ಚುಕ್ಕೆ ಬಿಟ್ಟು ಅಕ್ಷರ ಕೂಡಿಸಿ ಓಡಿಸುವ ಬರಹ. ಎರಡನೆಯದು ಅಂಕಿ: ಹಣವನ್ನು ಸಾಮಾನ್ಯ ಅಂಕಿಗಳಲ್ಲಿ ಬರೆಯದೆ ಸಿಯಾಕ್ ಎಂಬ ಲೆಕ್ಕಿಗರ ಸಂಕೇತದಲ್ಲಿ ಬರೆಯುತ್ತಿದ್ದರು. ಮೂರನೆಯದು ತಾರೀಖು. ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರಿನಲ್ಲಿ ಆಜರ್ ತಿಂಗಳಿಂದ ಶುರುವಾಗುತ್ತಿತ್ತು. ಆಮೇಲೆ ದೈ, ಬಹಮನ್, ಇಸ್ಫಂದಾರ್ ಎಂದು ಇರಾನಿನ ತಿಂಗಳುಗಳು. 1317 ಫಸಲಿಯ ಭೂಕಂದಾಯ ಕಾಯ್ದೆ ಎಂದರೆ 1907–08ರದು. 1358 ಫಸಲಿಯ ಹಕ್ಕುದಾಖಲೆ ನಿಬಂಧನೆ ಎಂದರೆ 1948–49ರದು. ಶಹಾಪುರದಲ್ಲಿ ನಿವೃತ್ತ ಉರ್ದು ಮಾಸ್ತರರೊಬ್ಬರು ನಮಗಾಗಿ ಇವನ್ನು ಓದಿಕೊಡುತ್ತಾರೆ. ಭೂತಗನ್ನಡಿ ಹಿಡಿದು ಒಂದು ಸಾಲಿನ ಮುಂದೆ ಬಹಳ ಹೊತ್ತು ಕೂರುತ್ತಾರೆ. “ಬೇಟಿ, ಇದು ತಹಶೀಲ್ದಾರರ ಕೈ ಅಲ್ಲ, ಪೇಶಕಾರರದು. ಸಹಿ ಮಾತ್ರ ತಹಶೀಲ್ದಾರರದು” ಎನ್ನುತ್ತಾರೆ. ಯಾರ ಕೈ ಎಂಬುದು ಅವರಿಗೆ ಅರ್ಥದಷ್ಟೇ ಮುಖ್ಯ.

ಯಾರ ಕೈ? ಕುಲಕರ್ಣಿಯ ಮೊಮ್ಮಗಳಾಗಿ ನಾನು ಇದನ್ನು ಬಿಚ್ಚಿಯೇ ಹೇಳಬೇಕು. ಹಳ್ಳಿಯ ಅಧಿಕಾರಿಗಳಾದ ಮಾಲಿಪಾಟೀಲ, ಪೊಲೀಸ್ ಪಾಟೀಲ, ಕುಲಕರ್ಣಿ ಈ ಮೂವರಲ್ಲಿ ಲೇಖಣಿ ಹಿಡಿದವನು ಕುಲಕರ್ಣಿ ಒಬ್ಬನೇ. ಷರಾ ಎಂಬ ಅರ್ಧ ಸಾಲು ಅವನ ಹಕ್ಕಾಗಿತ್ತು. ಓದು ಬಾರದ ಬೇಡರ ರೈತ, ಹೊಲೆಯ–ಮಾದಿಗರ ಕೇರಿಯ ಕೂಲಿಯಾಳು, ಗಂಡ ಸತ್ತ ಹೆಣ್ಣುಮಗಳು ತಮ್ಮ ಹೆಸರಿನ ಮುಂದೆ ಏನು ಬರೆದಿದೆ ಎಂದು ತಿಳಿಯಲು ಬರೆದವನನ್ನೇ ಕೇಳಬೇಕಿತ್ತು. ಒಳ್ಳೆಯ ಕುಲಕರ್ಣಿಗಳಿದ್ದರು, ನಮ್ಮ ಮುತ್ಯಾ ಒಳ್ಳೆಯವರೆಂದು ಊರು ಹೇಳುತ್ತದೆ. ಆದರೆ ಒಬ್ಬ ಮನುಷ್ಯನ ಒಳ್ಳೆಯತನದ ಮೇಲೆ ಊರಿನ ಹೊಲಗಳೆಲ್ಲ ನಿಲ್ಲುವುದು ನ್ಯಾಯವಲ್ಲ. 1961ರ ಗ್ರಾಮಾಧಿಕಾರ ರದ್ದು ಕಾಯ್ದೆ 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಕುಲಕರ್ಣಿಕೆ ಮುಗಿಯಿತು. ಮುಗಿದದ್ದು ಒಳ್ಳೆಯದೇ ಆಯಿತು.

ಅದರ ಹಿಂದೆಮುಂದೆಯೇ ದೊಡ್ಡ ನಕಲು ನಡೆಯಿತು. 1956ರ ನವೆಂಬರ್ 1ರಂದು ಗುಲಬರ್ಗಾ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1964ರ ಭೂಕಂದಾಯ ಕಾಯ್ದೆ ಬಂದ ಮೇಲೆ ಇಡೀ ರಾಜ್ಯಕ್ಕೆ ಒಂದೇ ನಮೂನೆಯ ಪಹಣಿ. ಉರ್ದು ಪುಸ್ತಕದಿಂದ ಕನ್ನಡ ಪುಸ್ತಕಕ್ಕೆ ಬರೆದುಕೊಳ್ಳಬೇಕು. ಹೆಸರು, ನಂಬರು, ವಿಸ್ತೀರ್ಣಕ್ಕೆ ಹೊಸ ನಮೂನೆಯಲ್ಲಿ ಮನೆ ಇತ್ತು, ಅವು ಬಂದವು. ಕೈಫಿಯತ್ ಕಲಮಿನ ಓಡುಬರಹ ಓದಬಲ್ಲವರು ಕಡಿಮೆ, ಓದಿದರೂ ಎಲ್ಲಿ ಬರೆಯಬೇಕೆಂಬ ಗೊಂದಲ. ನಮ್ಮ ಹೊಲದ ಪಕ್ಕದ ಮನೆತನಕ್ಕೆ ಒಂದು ಬಾವಿಯಲ್ಲಿ ನೀರಿನ ಪಾಳಿ ಇತ್ತು. ಮುತ್ಯಾನ ಕೈಯಲ್ಲಿ ಅದರ ಷರಾ ಇತ್ತು. ಮುಂದಿನ ಪುಸ್ತಕದಲ್ಲಿ ಹೊಲ ಬಂತು, ಬಾವಿಯೂ ಬಂತು, ಪಾಳಿಯ ಮಾತು ಬರಲಿಲ್ಲ. ನಕಲು ಮಾಡಿದ ಕಚೇರಿಯಲ್ಲಿ ಕೇಳಿದಾಗ, ಹೊಸ ಪಹಣಿಯಲ್ಲಿ ಇಲ್ಲದ್ದು ಇಲ್ಲವೆಂದೇ ಲೆಕ್ಕ ಎಂದರಂತೆ. ಎರಡು ಮನೆಗಳ ನಡುವಿನ ಮಾತು ಅಲ್ಲಿಗೆ ಕೆಟ್ಟಿತು. ಹಳೆ ಪುಸ್ತಕದ ನಕಲು ತೆಗೆಸಿ ತೋರಿಸುವ ಹೊತ್ತಿಗೆ ಆ ಮನೆಯ ಹಿರಿಯರು ತೀರಿಹೋಗಿದ್ದರು.

ಷರಾ ಬಿಟ್ಟುಹೋದರೆ ಬರೀ ನೆರೆಹೊರೆಯ ನೀರಲ್ಲ, ಕಾನೂನೇ ಕೈಬಿಡುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಕರಾರು ಮೀರಿ ಪರಭಾರೆ ಮಾಡಬಾರದೆಂದು 1978ರ ಕಾಯ್ದೆ ಹೇಳುತ್ತದೆ. ಆದರೆ ಜಮೀನು ಮಂಜೂರಿಯದು ಎಂಬ ಮಾತು ಪಹಣಿಯ ಹೆಸರಿನ ಕಲಮಿನಲ್ಲಿ ಇರುವುದಿಲ್ಲ. 11ನೇ ಕಲಮಿನ ಹಕ್ಕು–ಋಣಗಳಲ್ಲೋ ಮಂಜೂರಿ ಕಡತದಲ್ಲೋ ಇರುತ್ತದೆ. 1974ರ ಭೂಸುಧಾರಣೆಯಲ್ಲಿ ಗೇಣಿದಾರನಿಗೆ ಬಂದ ಜಮೀನಿಗೂ ಹೀಗೇ ಕರಾರುಗಳಿದ್ದವು. 1980ರ ದಶಕದಲ್ಲಿ ನಾರಾಯಣಪುರದ ಎಡದಂಡೆ ಕಾಲುವೆ ಸುರಪುರ, ಶಹಾಪುರದ ಕಡೆಗೆ ಬಂತು. ಜೋಳ, ತೊಗರಿ ಬೆಳೆಯುತ್ತಿದ್ದ ನೆಲದಲ್ಲಿ ಭತ್ತ ನಿಂತಿತು. ನೆಲಕ್ಕೆ ಬೆಲೆ ಬಂದ ದಿನದಿಂದ ಬಿಟ್ಟುಹೋದ ಷರಾಕ್ಕೂ ಬೆಲೆ ಬಂತು. ಅದು ಇಲ್ಲದಿರುವುದರಿಂದ ಲಾಭ ಮಾಡಿಕೊಳ್ಳುವವರು ಹುಟ್ಟಿಕೊಂಡರು.

ಭೂಮಿ ಯೋಜನೆ ಬಂದದ್ದು ಇದೇ ರೋಗಕ್ಕೆ ಮದ್ದಾಗಿ. 2001–02ರ ಹೊತ್ತಿಗೆ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತುಂಬಿಸಲಾಯಿತು. ಆಗ ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಸಿಗುತ್ತಿತ್ತು. ಕೈಬರಹದ ಪಹಣಿಗೆ ಬೆಲೆ ಇಲ್ಲದಾಯಿತು. ಈ ಯೋಜನೆಯಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದದ್ದು ಬೆರಳಚ್ಚು. ಖಾತೆ ಬದಲಾಯಿಸುವ ಅಧಿಕಾರಿ ತನ್ನ ಬೆರಳು ಒತ್ತಿಯೇ ಒಳಹೋಗಬೇಕು. ಯಾರು, ಯಾವಾಗ, ಏನು ಬದಲಿಸಿದರು ಎಂಬುದು ಒಳಗೆ ದಾಖಲಾಗುತ್ತದೆ. ‘ಯಾರ ಕೈ’ ಎಂಬ ಮಾಸ್ತರರ ಪ್ರಶ್ನೆಗೆ ಯಂತ್ರ ಮೊದಲ ಸಲ ತಪ್ಪದೆ ಉತ್ತರ ಕೊಟ್ಟಿತು. ಆದರೆ ತುಂಬಿಸಿದ್ದು ಆಗ ಚಾಲ್ತಿಯಲ್ಲಿದ್ದ ಪಹಣಿಯನ್ನು. ಅದಕ್ಕಿಂತ ಹಿಂದೆ ಬಿಟ್ಟುಹೋದದ್ದು ಬಿಟ್ಟೇ ಹೋಯಿತು. 2009ರ ಕೊನೆಗೆ ಯಾದಗಿರಿ ಬೇರೆ ಜಿಲ್ಲೆಯಾಯಿತು. 2024ರಿಂದ ಭೂ ಸುರಕ್ಷಾ ಯೋಜನೆಯಲ್ಲಿ ತಾಲೂಕು ಕಚೇರಿಗಳ ಅಭಿಲೇಖಾಲಯದ ಹಳೆ ಕಡತಗಳ ಸ್ಕ್ಯಾನಿಂಗ್ ಶುರುವಾಗಿದೆ. ಬಸ್ತೆ ಬಿಚ್ಚಿ, ಪುಟ ಪುಟವನ್ನೂ ಚಿತ್ರವಾಗಿಸಿ ಇಡುವ ಕೆಲಸ. ಆಗಲೇಬೇಕಾದ ಕೆಲಸ ಇದು.

ನಮ್ಮ ಸಣ್ಣ ಕೆಲಸಕ್ಕೆ ಬರುತ್ತೇನೆ. ಮನೆಯೊಂದರಿಂದ ಒಂದು ಗಂಟು ಬರುತ್ತದೆ. ಸ್ಕ್ಯಾನ್ ಆದ ಮೇಲೆ ಪುಟಕ್ಕೊಂದು ಫೈಲು. ಕಂಪ್ಯೂಟರಿನ ಫೈಲಿಗೆ ಒಳಗಿನ ವಿಷಯ ಬೇರೆ, ಅದರ ಮೇಲಿನ ವಿವರ ಬೇರೆ. ಅಳತೆ, ಒಡೆಯ, ಬದಲಾದ ಹೊತ್ತು, ಯಾರು ಓದಬಹುದು ಎಂಬಿಷ್ಟನ್ನು ಲಿನಕ್ಸ್ ತಾನೇ ಇಟ್ಟುಕೊಳ್ಳುತ್ತದೆ. ಇದಲ್ಲದೆ ನಾವು ಬಯಸಿದ ವಿವರವನ್ನು ಫೈಲಿನ ಒಳಗೆ ಕೈ ಹಾಕದೆ ಅದಕ್ಕೆ ಅಂಟಿಸಿಡುವ ಸೌಕರ್ಯವೂ ಇದೆ. ಎಕ್ಸ್‌ಟೆಂಡೆಡ್ ಆಟ್ರಿಬ್ಯೂಟ್ ಅನ್ನುತ್ತಾರೆ, ನಮ್ಮ ಪಾಲಿಗೆ ಅದೇ ಷರಾ. ಒಂದು ಹೆಸರು, ಅದಕ್ಕೊಂದು ಬೆಲೆ, ಅಂದರೆ ಆ ಹೆಸರಿನಡಿ ಬರೆಯುವ ಮಾತು. ಹೆಸರುಗಳಿಗೆ ನಾಲ್ಕು ವಿಭಾಗ: ಸೆಕ್ಯುರಿಟಿ, ಸಿಸ್ಟಮ್, ಟ್ರಸ್ಟೆಡ್, ಯೂಸರ್. ಮೊದಲ ಮೂರು ವ್ಯವಸ್ಥೆಯ ಮತ್ತು ಮೇಲಧಿಕಾರಿಯ ಕೆಲಸಕ್ಕೆ, ಯೂಸರ್ ವಿಭಾಗ ನಮ್ಮಂಥವರಿಗೆ. ಹೆಸರು 255 ಬೈಟ್ ಮೀರಬಾರದು, ಬೆಲೆ 64 ಕಿಲೋಬೈಟ್. ಆದರೆ ಹೆಚ್ಚಿನವರು ಬಳಸುವ ಇಎಕ್ಸ್‌ಟಿ4 ಕಡತವ್ಯವಸ್ಥೆಯಲ್ಲಿ ಒಂದು ಫೈಲಿನ ಷರಾಗಳೆಲ್ಲ ಸಾಮಾನ್ಯವಾಗಿ 4,096 ಬೈಟಿನ ಒಂದು ಬ್ಲಾಕಿನ ಆಸುಪಾಸಿನಲ್ಲೇ ಹಿಡಿಯಬೇಕು. ಯೂನಿಕೋಡ್ ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್ ಬೇಕು. ಖಾಸ್ರಾ ಪಹಣಿಯ ಕೊನೆಯ ಕಲಮಿನಂತೆಯೇ ಇಲ್ಲಿಯೂ ಜಾಗ ಇಕ್ಕಟ್ಟು.

ಹಾಗಾಗಿ ನಾವು ಚುಟುಕಾಗಿ ಬರೆಯುತ್ತೇವೆ. ಊರು, ಸರ್ವೆ ನಂಬರು, ಫಸಲಿ ವರ್ಷ, ಭಾಷೆ, ಹಿಂಭಾಗದಲ್ಲಿ ಬರಹ ಇದೆಯೇ, ಕೈ ಯಾರದು, ಓದಿದವರು ಯಾರು. ಕಾಗದ ಯಾವ ಗಂಟಿನಲ್ಲಿ, ಎಷ್ಟನೆಯದಾಗಿ ಇತ್ತು ಎಂಬುದನ್ನೂ ಸೇರಿಸುತ್ತೇವೆ, ಏಕೆಂದರೆ ಹಳೆಯ ದಫ್ತರದವರು ಕಾಗದವನ್ನು ಸುಮ್ಮನೆ ಒಟ್ಟುತ್ತಿರಲಿಲ್ಲ. ಒಂದರ ಕೆಳಗೆ ಇನ್ನೊಂದು ಬಂದದ್ದಕ್ಕೂ ಕಾರಣವಿರುತ್ತದೆ.

ಒಂದೊಂದೇ ಫೈಲಿಗೆ ಕೈಯಲ್ಲಿ ಷರಾ ಹಾಕುತ್ತ ಕೂತರೆ ತಪ್ಪು ನುಸುಳುತ್ತದೆ. ಇದಕ್ಕೆ ನಾನು ಹಿಡಿದ ಉಪಕರಣ ಆನ್ಸಿಬಲ್. 2012ರಲ್ಲಿ ಮೈಕಲ್ ಡಿಹಾನ್ ಬರೆದು ಹೊರತಂದದ್ದು, 2015ರಲ್ಲಿ ರೆಡ್ ಹ್ಯಾಟ್ ಕೊಂಡುಕೊಂಡಿತು. ಆನ್ಸಿಬಲ್ ಎಂಬ ಪದ ಮೂಲದಲ್ಲಿ ಉರ್ಸುಲಾ ಲೆ ಗ್ವಿನ್ ಅವರ ಕಾದಂಬರಿಯಲ್ಲಿನ, ನಕ್ಷತ್ರಗಳಾಚೆಗೆ ಕ್ಷಣದಲ್ಲಿ ಸುದ್ದಿ ಮುಟ್ಟಿಸುವ ಯಂತ್ರದ ಹೆಸರು. ಈ ಉಪಕರಣದಲ್ಲಿ ಎಕ್ಸ್‌ಆಟ್ರ್ ಎಂಬ ಮಾಡ್ಯೂಲ್ ಇದೆ. ಯಾವ ಫೈಲು, ಯಾವ ಹೆಸರು, ಯಾವ ಬೆಲೆ, ಇರಬೇಕೋ ಇರಬಾರದೋ ಎಂದು ಒಂದು ಪಟ್ಟಿಯಲ್ಲಿ ಬರೆದುಕೊಟ್ಟರೆ, ಎಲ್ಲ ಯಂತ್ರಗಳಲ್ಲೂ ಹೋಗಿ ನೋಡುತ್ತದೆ. ಷರಾ ಮೊದಲೇ ಸರಿಯಾಗಿದ್ದರೆ ಮುಟ್ಟುವುದಿಲ್ಲ. ಇಲ್ಲದಿದ್ದರೆ ಹಾಕುತ್ತದೆ, ಬೇರೆಯಾಗಿದ್ದರೆ ಪಟ್ಟಿಯಂತೆ ತಿದ್ದಿ, ಬದಲಾಯಿತು ಎಂದು ವರದಿ ಕೊಡುತ್ತದೆ. ವರ್ಷಕ್ಕೊಮ್ಮೆ ಜಮಾಬಂದಿಗೆ ಬಂದ ಅಧಿಕಾರಿ ಹಳ್ಳಿಯ ಪುಸ್ತಕಗಳನ್ನು ತಾಳೆ ನೋಡುತ್ತಿದ್ದ ಕೆಲಸವೇ ಇದು, ಬೇಕೆಂದಾಗ ಮಾಡಿಸಬಹುದು ಅಷ್ಟೆ.

ಈ ಷರಾಕ್ಕೆ ಎರಡು ದೌರ್ಬಲ್ಯಗಳಿವೆ. ಈ ಕೆಲಸಕ್ಕೆ ಇಳಿಯುವವರು ಅವನ್ನು ಮೊದಲೇ ತಿಳಿದಿರಬೇಕು. ಒಂದು, ಅದು ಫೈಲಿನ ಜೊತೆ ಎಲ್ಲೆಡೆ ಪಯಣಿಸುವುದಿಲ್ಲ. ಅಂಗಡಿಯಲ್ಲಿ ಕೊಂಡ ಪೆನ್‌ಡ್ರೈವಿಗೆ ಹಾಕಿದರೆ ಚಿತ್ರ ಹೋಗುತ್ತದೆ, ಷರಾ ಹಿಂದೆಯೇ ಉಳಿಯುತ್ತದೆ, ಏಕೆಂದರೆ ಪೆನ್‌ಡ್ರೈವಿನ ಕಡತವ್ಯವಸ್ಥೆಗೆ ಅದನ್ನು ಇಟ್ಟುಕೊಳ್ಳುವ ಜಾಗವೇ ಇಲ್ಲ. ಲಿನಕ್ಸಿನಲ್ಲೇ ‘ಸಿಪಿ’ ಆಜ್ಞೆ ಬರೀ ನಕಲು ಮಾಡು ಎಂದರೆ ಷರಾ ತರುವುದಿಲ್ಲ. ಅದನ್ನೂ ತಾ ಎಂದು ಬೇರೆ ಹೇಳಬೇಕು. ‘ಆರ್‌ಸಿಂಕ್’, ‘ಟಾರ್’ ಸಹ ಹಾಗೆಯೇ. ಇಮೇಲಿನಲ್ಲಿ ಕಳಿಸಿದರೂ ಉಳಿಯದು. ಯಾರೂ ಕೆಟ್ಟದ್ದು ಬಯಸಿಲ್ಲ, ನಕಲೂ ತಪ್ಪಿಲ್ಲ, ಆದರೂ ನೀರಿನ ಪಾಳಿ ಕಾಣೆ. 1964ರ ನಂತರ ನಮ್ಮ ಹಳ್ಳಿಗಳಲ್ಲಿ ನಡೆದದ್ದು ಇದೇ.

ಎರಡನೆಯದು ಇನ್ನೂ ಗಂಭೀರ. ಫೈಲು ತಿದ್ದಿಲ್ಲ ಎಂದು ಸಾಬೀತು ಮಾಡಲು ನಾವು ಅದರ ಒಳಗಿನ ವಿಷಯದಿಂದ ಒಂದು ಮೊಹರು ಸಂಖ್ಯೆ ತೆಗೆದಿಡುತ್ತೇವೆ. ಷರಾ ಬದಲಿಸಿದರೆ ಒಳಗಿನ ವಿಷಯ ಬದಲಾಗುವುದಿಲ್ಲ, ಮೊಹರು ಸಂಖ್ಯೆಯೂ ಹಾಗೇ ಇರುತ್ತದೆ. ಆ ಫೈಲಿನಲ್ಲಿ ಬರೆಯಲು ಅಧಿಕಾರ ಇರುವ ಯಾರಾದರೂ ಷರಾ ಅಳಿಸಿ ಬೇರೆ ಬರೆಯಬಹುದು. ಲೇಖಣಿ ಹಿಡಿದ ಒಬ್ಬನ ಕೈಗೆ ಊರನ್ನೆಲ್ಲ ಒಪ್ಪಿಸಿದ ಹಳೆಯ ವ್ಯವಸ್ಥೆ ಹಿಂಬಾಗಿಲಿನಿಂದ ಮತ್ತೆ ಬಂದಂತೆ ಅದು. ನಾನು ಆ ಮನೆಯಲ್ಲಿ ಹುಟ್ಟಿದವಳು, ಹೀಗಾಗಲು ಬಿಡಲಾರೆ. ಅದಕ್ಕೇ ನಮ್ಮಲ್ಲಿ ಯಾರೂ ಫೈಲಿನ ಮೇಲೆ ನೇರವಾಗಿ ಷರಾ ಹಾಕುವುದಿಲ್ಲ. ಮೊದಲು ಪಟ್ಟಿಯಲ್ಲಿ ಬರೆಯಬೇಕು. ಪಟ್ಟಿ ಗಿಟ್ ಎಂಬ ವ್ಯವಸ್ಥೆಯಲ್ಲಿರುತ್ತದೆ. ಯಾರು, ಯಾವ ದಿನ, ಯಾವ ಸಾಲು ಬದಲಿಸಿದರು, ಮೊದಲು ಏನಿತ್ತು ಎಂಬುದೆಲ್ಲ ಅಲ್ಲಿ ಉಳಿಯುತ್ತದೆ. ಆ ಪಟ್ಟಿಯನ್ನು ಇನ್ನೊಬ್ಬರು ಓದಿ ಒಪ್ಪಿದ ಮೇಲೆ ಆನ್ಸಿಬಲ್ ಅದನ್ನು ಫೈಲುಗಳ ಮೇಲೆ ಇಳಿಸುತ್ತದೆ. ಪಟ್ಟಿಯ ಒಂದು ಪ್ರತಿಯನ್ನು ಅಚ್ಚು ಹಾಕಿ ಗಂಟಿನ ಒಡೆಯರ ಮನೆಗೂ ಕೊಡುತ್ತೇವೆ, ಕನ್ನಡದಲ್ಲಿ. ಅದನ್ನು ಕೈಯಲ್ಲಿ ಹಿಡಿದು, ತನ್ನ ಅಜ್ಜನ ಹೆಸರಿನ ಮುಂದೆ ಏನು ಬರೆದಿದೆ ಎಂದು ಯಾರನ್ನೂ ಕೇಳದೆ ಓದಿಕೊಂಡ ಹೆಣ್ಣುಮಗಳೊಬ್ಬಳನ್ನು ಸುರಪುರದ ರಂಗಂಪೇಟೆಯಲ್ಲಿ ನೋಡಿದ್ದೇನೆ. ಈ ಕೆಲಸದಿಂದ ನನಗೆ ಸಿಕ್ಕ ದೊಡ್ಡ ಸಂಬಳ ಅದು.

ಯಾದಗಿರಿ, ಶಹಾಪುರ, ಸುರಪುರದಲ್ಲಿ ಇನ್ನೂ ಎಷ್ಟೋ ಮನೆಗಳ ಅಟ್ಟದಲ್ಲಿ ಗಂಟುಗಳಿವೆ. ಇದನ್ನು ಓದುವವರ ಮನೆಯಲ್ಲೂ ಇರಬಹುದು. ದಯವಿಟ್ಟು ಸುಡಬೇಡಿ, ಗುಜರಿಗೆ ಹಾಕಬೇಡಿ. ಮೊಬೈಲಿನಲ್ಲಿ ಚಿತ್ರ ತೆಗೆಯುವುದಾದರೆ ಪ್ರತಿ ಕಾಗದದ ಎರಡೂ ಬದಿ ತೆಗೆಯಿರಿ. ಹಿಂಬದಿ ಖಾಲಿ ಕಂಡರೂ ಮೊಹರು ಇರಬಹುದು. ಬಿಚ್ಚುವ ಮೊದಲು ಗಂಟಿನ, ಅದರ ಮೇಲಿನ ಬಟ್ಟೆಯ ಬರಹದ ಚಿತ್ರವನ್ನೂ ತೆಗೆಯಿರಿ. ಕಾಗದ ಯಾರಿಂದ ಯಾರಿಗೆ ಬಂತು ಎಂದು ಮನೆಯ ಹಿರಿಯರು ಹೇಳುವುದನ್ನು ಬೇರೆ ಹಾಳೆಯಲ್ಲಿ ಬರೆದು ಹೇಳಿದವರ ಹೆಸರು, ತಾರೀಖು ಹಾಕಿಡಿ. ಶಿಕಸ್ತಾ ಓದಬಲ್ಲ ಹಿರಿಯರು ನಿಮ್ಮ ಊರಿನಲ್ಲಿದ್ದರೆ ಈ ವರ್ಷವೇ ಅವರ ಬಳಿ ಹೋಗಿ, ಮುಂದಿನ ವರ್ಷಕ್ಕೆಂದು ಇಡಬೇಡಿ. ತಾಲೂಕು ಕಚೇರಿಗಳಲ್ಲಿ ಹಳೆ ಕಡತ ಸ್ಕ್ಯಾನ್ ಮಾಡಿಸುತ್ತಿರುವ ಅಧಿಕಾರಿಗಳಲ್ಲಿ ನನ್ನ ಕೋರಿಕೆ ಒಂದೇ: ಕೈಫಿಯತ್ ಕಲಮು ಓದಿಸಿ, ಅದನ್ನು ಹುಡುಕಲು ಬರುವಂತೆ ಪ್ರತ್ಯೇಕವಾಗಿ ಕನ್ನಡದಲ್ಲಿ ತುಂಬಿಸಿ, ತುಂಬಿಸಿದವರ ಹೆಸರನ್ನೂ ಅದರ ಜೊತೆಗೇ ಇಡಿ.